ಗೆದ್ದ ಕಡೆ ನಿಲ್ಲಿಸು

ನಮ್ಮ ಮನೆಯ ಊಟದ ಮೇಜಿನ ಮೇಲೆ ನಾವು ಊಟ ಮಾಡಿದ್ದು ಬಹಳ ಕಡಿಮೆ. ದೋಹಾದ ಅಲ್ ಮನ್ಸೂರಾದಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಮನೆ. ಹಾಲ್ ಅಂತ ನಾವು ಕರೆಯುತ್ತಿದ್ದ ಜಾಗದಲ್ಲಿ ಒಂದು ಸೋಫಾ, ಒಂದು ಟೀವಿ, ಮೂರು ಹೊತ್ತೂ ಗೊರಗೊರ ಅನ್ನುವ ಏಸಿ, ಅದರ ಕೆಳಗೆ ಈ ಮೇಜು. ಮೇಜಿನ ಮೇಲೆ ಬೂದು ಬಣ್ಣದ ಟೈಪ್‌ರೈಟರ್. ಮುಶೈರಿಬಿನಲ್ಲಿದ್ದ ಅಪ್ಪನ ಆಫೀಸಿಗೆ ಕಂಪ್ಯೂಟರ್ ಬಂದಾಗ ಮೂಲೆ ಸೇರಿದ್ದನ್ನು ಅಪ್ಪ ಕೇಳಿಕೊಂಡು ತಂದಿದ್ದರು. ಅಮ್ಮ ಮದುವೆಗೆ ಮೊದಲು ಮೈಸೂರಿನಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಇಂಗ್ಲಿಷ್ ಸೀನಿಯರ್, ಕನ್ನಡ ಸೀನಿಯರ್ ಎರಡೂ ಪಾಸು ಮಾಡಿದವಳು. ಅಪ್ಪನ ವೀಸಾದ ಬಾಲ ಹಿಡಿದುಕೊಂಡು ಬಂದ ಹೆಂಗಸು ಅಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಆ ಟೈಪ್‌ರೈಟರ್ ಮನೆಗೆ ಬಂದ ದಿನ ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒದ್ದೆ ಬಟ್ಟೆಯಿಂದ ಒಂದೊಂದೇ ಅಕ್ಷರ ಒರೆಸಿ, ಕಣ್ಣು ಮುಚ್ಚಿಕೊಂಡು ಎ ಎಸ್ ಡಿ ಎಫ್ ಹೊಡೆದಳು. ಒಂದೂ ತಪ್ಪಿರಲಿಲ್ಲ. ಕಾಗದ ಎತ್ತಿ ಅಪ್ಪನ ಮೂಗಿನ ಮುಂದೆ ಹಿಡಿದಾಗ ಅವಳ ಮುಖ ನೋಡಬೇಕಿತ್ತು. ನಾನು ಆಗ ನಾಲ್ಕನೇ ಕ್ಲಾಸು. ನನ್ನಮ್ಮ ಹೀಗೆಲ್ಲ ನಗುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ಮೇಜಿಗೆ ಡಾಸನ್ ಸಾಹೇಬರ ಪುಸ್ತಕ ಬಂದದ್ದು ಅದೇ ವರ್ಷ. ಅವರು ಅಪ್ಪನ ಆಫೀಸಿನ ದೊಡ್ಡ ಇಂಜಿನಿಯರ್, ಅಪ್ಪ ಅವರ ಕೈಕೆಳಗೆ ನಕ್ಷೆ ಬರೆಯುವವರು. ಅಲ್ ಥುಮಾಮಾ ಕಡೆ ಒಂದು ವಿಲ್ಲಾದಲ್ಲಿ ಒಂಟಿಯಾಗಿದ್ದರು. ಕೆಂಪು ಕಿವಿ, ಬಿಳೀ ಹುಬ್ಬು, ಬೆವರು ಒರೆಸಿಕೊಳ್ಳಲು ಸದಾ ಕೈಯಲ್ಲೊಂದು ದೊಡ್ಡ ಕರ್ಚೀಫು. ಇಂಗ್ಲೆಂಡಿನ ಉತ್ತರದಲ್ಲಿ, ಬಟ್ಟೆ ಮಿಲ್ಲುಗಳಿದ್ದ ಅವರ ಊರಿನಲ್ಲಿ ಒಂದು ಐಸ್ ಹಾಕಿ ಕ್ಲಬ್ ಇತ್ತಂತೆ. ಸುಮ್ಮನೆ ಹುಡುಗರ ಕ್ಲಬ್ಬಲ್ಲ, ಸಂಬಳ ಕೊಟ್ಟು ಕೆನಡಾದಿಂದ ಆಟಗಾರರನ್ನು ಕರೆಸುತ್ತಿದ್ದ ಕ್ಲಬ್. ಅದು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಚರಿತ್ರೆಯನ್ನು ಸಾಹೇಬರು ಈ ಮರಳುಗಾಡಿನಲ್ಲಿ ಕೂತು ಕೈಯಲ್ಲಿ ಬರೆಯುತ್ತಿದ್ದರು. ಟೈಪು ಮಾಡಿಕೊಡುವವರು ಬೇಕಿತ್ತು. ನನ್ನ ಹೆಂಡತಿ ಮಾಡುತ್ತಾಳೆ ಅಂತ ಅಪ್ಪ ಬಾಯಿ ತಪ್ಪಿ ಅಂದುಬಿಟ್ಟರು. ಆಮೇಲೆ ಯಾಕಾದರೂ ಅಂದೆನೋ ಅಂತ ಹಣೆ ಚಚ್ಚಿಕೊಂಡರು.

ಸಾಹೇಬರ ಅಕ್ಷರ ದೇವರಿಗೇ ಪ್ರೀತಿ. ಅಮ್ಮನಿಗೆ ಅದನ್ನು ಓದುತ್ತಾ ಟೈಪು ಮಾಡಲು ಆಗುತ್ತಿರಲಿಲ್ಲ. ಹಾಗಾಗಿ ಓದುವ ಕೆಲಸ ನನ್ನ ತಲೆಗೆ ಬಂತು. ಇಂಗ್ಲಿಷ್ ಸ್ಕೂಲಿನ ಹುಡುಗಿ ಅಲ್ಲವೇ! ಅಪ್ಪ ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದು, ಮೂರೂವರೆಗೆ ಮತ್ತೆ ಆಫೀಸಿಗೆ ಹೋಗುತ್ತಿದ್ದರು. ಅವರ ಚಪ್ಪಲಿ ಸದ್ದು ಮೆಟ್ಟಿಲು ಇಳಿದ ಕೂಡಲೇ ಅಮ್ಮ ಟೈಪ್‌ರೈಟರಿನ ಮೇಲಿನ ಟವೆಲ್ ತೆಗೆಯುತ್ತಿದ್ದಳು. ನಾನು ಸೋಫಾದ ಮೇಲೆ ಕಾಲು ಮಡಚಿ ಕೂತು ಓದುತ್ತಿದ್ದೆ, ಅವಳು ಟಕಟಕ ಹೊಡೆಯುತ್ತಿದ್ದಳು. ನಮ್ಮಿಬ್ಬರಲ್ಲಿ ಯಾರೂ ಫ್ರಿಜ್ಜಿನ ಟ್ರೇಗಿಂತ ದೊಡ್ಡ ಐಸ್ ನೋಡಿರಲಿಲ್ಲ. ಕಪ್ಪು ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಗೋಲು ಮಾಡುವುದು ಅಂತ ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಅಪ್ಪ ಇನ್ನೂ ಒಂದು ಕೈ ಮೇಲೆ.

"ಒಂದು ಕಡೆಗೆ ಆರು ಜನ ಅಂತ ಬರೆದಿದಾರಲ್ಲೇ. ಹಾಕಿ ಅಂದ್ರೆ ಹನ್ನೊಂದು. ಪಾಪ, ವಯಸ್ಸಾಯ್ತು ಅವರಿಗೆ, ನೀನೇ ತಿದ್ದಿಬಿಡು."

"ಸುಮ್ನಿರ್ರೀ, ನಿಮ್ಮ ನಕ್ಷೆ ನೀವು ನೋಡ್ಕೊಳ್ಳಿ."

ಆದರೂ ಎರಡು ಹಾಳೆಯಲ್ಲಿ ಆರು ಇದ್ದದ್ದು ಹನ್ನೊಂದಾಯಿತು. ವಾರಕ್ಕೊಮ್ಮೆ ಬರುತ್ತಿದ್ದ ಡಾಸನ್ ಸಾಹೇಬರು ಅದನ್ನು ನೋಡಿ, ಕೋಡುಬಳೆ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕರು. ನಮ್ಮ ಕ್ಲಬ್ಬಿಗೆ ಹನ್ನೊಂದು ಜನ ಸಿಕ್ಕಿದ್ದರೆ ಒಂದಾದರೂ ಕಪ್ಪು ಗೆಲ್ಲುತ್ತಿದ್ದೆವು ಮಿಸೆಸ್ ರಾವ್, ಅಂದರು. ಅದು ನಿಜವೇ. ಆ ಕ್ಲಬ್ಬಿನಷ್ಟು ಸೋತವರನ್ನು ನಾನು ಕಂಡಿಲ್ಲ.

ಅದೇ ನಮಗೆ ಕಷ್ಟಕ್ಕೆ ಬಂತು. ಅಮ್ಮನ ತೌರಿನಲ್ಲಿ ನನ್ನ ತಾತ ಸಾಯಂಕಾಲ ಜಗಲಿಯ ಮೇಲೆ ಭಾರತ ಓದುತ್ತಿದ್ದರು. ಯಾರಾದರೂ ಸತ್ತ ಕಡೆ, ಅತ್ತ ಕಡೆ, ಸೋತ ಕಡೆ ಪುಸ್ತಕ ಮುಚ್ಚುವ ಹಾಗಿರಲಿಲ್ಲ. ಎಷ್ಟೇ ಹೊತ್ತಾಗಲಿ, ಒಂದು ಒಳ್ಳೆಯ ಮಾತು ಬರುವವರೆಗೆ ಓದಿ, ಆಮೇಲೆ ನವಿಲುಗರಿ ಇಟ್ಟು ಮುಚ್ಚಬೇಕು. ಇಲ್ಲದಿದ್ದರೆ ಆ ಕೆಟ್ಟದ್ದು ಓದಿದವರ ಮನೆಯಲ್ಲೇ ಉಳಿದುಕೊಳ್ಳುತ್ತದೆ ಅಂತ. ಅಮ್ಮ ಆ ಪದ್ಧತಿಯನ್ನು ಸೀದಾ ತಂದು ಐಸ್ ಹಾಕಿಯ ಮೇಲೆ ಹೇರಿದಳು.

"ಸೋತ ಕಡೆ ನಿಲ್ಲಿಸಬೇಡ ಕಣೆ ಪುಟ್ಟಿ. ಗೆದ್ದ ಕಡೆ ನಿಲ್ಲಿಸು."

"ಅಮ್ಮ, ಇವರು ಗೆಲ್ಲೋದೇ ಇಲ್ಲ!"

"ಗೆಲ್ತಾರೆ, ಮುಂದೆ ಓದು."

ಒಂದು ಗೆಲುವಿಗಾಗಿ ನಾಲ್ಕು ನಾಲ್ಕು ಹಾಳೆ ಓದಿದ್ದೇನೆ. ಒಲೆಯ ಮೇಲಿದ್ದ ಅನ್ನ ಸೀದು ಹೋಗಿದೆ. ಒಮ್ಮೆ ಕ್ಲಬ್ಬಿನ ಗೋಲ್‌ಕೀಪರಿಗೆ ಬಿಲ್ಲೆ ಬಡಿದು ಎರಡು ಹಲ್ಲು ಉದುರಿದವು. ರಕ್ತ ಐಸಿನ ಮೇಲೆ ಚೆಲ್ಲಿತು ಅಂತ ಸಾಹೇಬರು ವರ್ಣಿಸಿ ವರ್ಣಿಸಿ ಬರೆದಿದ್ದರು. ಅಲ್ಲಿ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಆ ಗೋಲ್‌ಕೀಪರ್ ಆಸ್ಪತ್ರೆಯಿಂದ ಬಂದು, ಮುಂದಿನ ಮೂರು ಮ್ಯಾಚು ಸೋತು, ಕೊನೆಗೆ ತಾನು ಬಾಡಿಗೆಗಿದ್ದ ಮನೆಯೊಡತಿಯ ಮಗಳನ್ನು ಮದುವೆಯಾದ. ಅಮ್ಮ ಟೈಪ್‌ರೈಟರಿನ ಗಾಡಿಯನ್ನು ಸರ್ರನೆ ತಳ್ಳಿ ಗಂಟೆ ಬಾರಿಸಿದಳು.

"ಹಲ್ಲು ಹೋದ್ರೂ ಹೆಣ್ಣು ಸಿಕ್ತಲ್ಲ, ಸಾಕು. ಇಲ್ಲಿ ನಿಲ್ಸು."

ಆ ಪುಸ್ತಕದಲ್ಲಿ ಅಮ್ಮನಿಗೆ ಇಷ್ಟವಾದವರು ಆಟಗಾರರಲ್ಲ, ಡಾಸನ್ ಸಾಹೇಬರ ಅಪ್ಪ. ಆತ ಆ ಕ್ಲಬ್ಬಿನಲ್ಲಿ ಐಸ್ ಹಾಕುವವನು. ನೆಲದಡಿ ತಣ್ಣನೆ ಪೈಪುಗಳು, ಅದರ ಮೇಲೆ ತೆಳ್ಳಗೆ ನೀರು ಬಿಡಬೇಕು, ಗಟ್ಟಿಯಾದ ಮೇಲೆ ಮತ್ತೆ ತೆಳ್ಳಗೆ, ಮತ್ತೆ ತೆಳ್ಳಗೆ. ಅವಸರ ಮಾಡಿ ಒಟ್ಟಿಗೆ ಸುರಿದರೆ ಬಿರುಕು ಬಿಡುತ್ತದೆ ಅಂತ ಸಾಹೇಬರು ನಮ್ಮ ಮೇಜಿನ ಮೇಲೆ ಅಂಗೈ ಆಡಿಸಿ ತೋರಿಸಿದರು. ಅಮ್ಮ ತಲೆಯಾಡಿಸಿ, ನಾವು ಅಂಗಳ ಸಾರಿಸುವುದೂ ಹೀಗೇ ಅಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಗಣಿ ಅನ್ನುವುದನ್ನು ಬಿಟ್ಟೆ, ನನಗೆ ನಾಚಿಕೆ. ಸಾಹೇಬರು ಆ ದಿನ ತುಂಬ ಹೊತ್ತು ಕೂತಿದ್ದರು. ಅವರ ಅಪ್ಪನ ಬಗ್ಗೆ ಯಾರಾದರೂ ಕೇಳಿ ಬಹಳ ಕಾಲವಾಗಿತ್ತೋ ಏನೋ.

ಚಳಿಗಾಲ ಮುಗಿಯುವ ಹೊತ್ತಿಗೆ ಅಮ್ಮ ಬಸುರಿ. ನನ್ನ ನಂತರ ಒಂಬತ್ತು ವರ್ಷ ಕಾದು ಬಂದ ಬಸುರು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ದೃಷ್ಟಿಯಾದೀತು ಅನ್ನುವ ಹಾಗೆ. ಮೇಲಿನ ಮನೆಯ ಫ್ಲೋರಿ ಆಂಟಿ, ಉಡುಪಿ ಕಡೆಯ ಕಥೋಲಿಕರು, ದಿನಕ್ಕೆರಡು ಸಲ ಇಳಿದು ಬಂದು ನೋಡಿಕೊಂಡು ಹೋಗುತ್ತಿದ್ದರು. ಅವರ ಮಗಳು ರೀನಾ ನನ್ನ ಕ್ಲಾಸು. ಏಳು ತಿಂಗಳು ತುಂಬಿದಾಗ ಅಪ್ಪ ಟೈಪಿಂಗ್ ಸಾಕು ಅಂದರು. ಅವರಿಬ್ಬರ ಜಗಳ ನಾನು ಜೋರಾಗಿ ಕೇಳಿದ್ದು ಅದೊಂದೇ ಸಲ.

"ಸೊಂಟ ಬಗ್ಗಿಸಿ ಗಂಟೆಗಟ್ಲೆ ಕೂರ್ತೀಯ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ವಾಪಸ್ ಕೊಟ್ಟುಬಿಡ್ತೀನಿ, ಖಲಾಸ್."

"ಕೊಡಿ ನೋಡೋಣ! ಇದೊಂದು ಬಿಟ್ರೆ ಈ ಮನೇಲಿ ನಾನೇನ್ರೀ? ಒಂದು ಕುಕ್ಕರ್. ನೀವು ಬಂದಾಗ ಕೂಗಬೇಕು, ಹೋದಾಗ ತಣ್ಣಗಾಗಬೇಕು."

ಮಾರನೆಯ ದಿನ ಅಪ್ಪ ಆಫೀಸಿನಿಂದ ಬರುವಾಗ ಅವಳ ಕುರ್ಚಿಗೆ ಒಂದು ದಿಂಬು ತಂದರು. ಕೊನೆಯ ಅಧ್ಯಾಯ ಬಾಕಿ ಇತ್ತು. ಅದನ್ನು ಮುಗಿಸಿಯೇ ಊರಿಗೆ ಕಾಗದ ಬರೆದು ಅಜ್ಜಿಯನ್ನು ಕರೆಸುವುದು ಅಂತ ತೀರ್ಮಾನವಾಯಿತು.

ಆ ಕೊನೆಯ ಅಧ್ಯಾಯ ಓದಿದ ದಿನ ರೀನಾಳ ಹುಟ್ಟಿದ ಹಬ್ಬ. ಐದು ಗಂಟೆಗೆ ಮೇಲಿನ ಮನೆಯಲ್ಲಿ ಕೇಕು. ನಾನು ಸ್ಕೂಲಿನಿಂದ ಬಂದವಳೇ ಹೊಸ ಫ್ರಾಕ್ ಹಾಕಿಕೊಂಡು, ಎರಡು ಸಲ ಪೌಡರ್ ಬಳಿದುಕೊಂಡು ತುದಿಗಾಲಲ್ಲಿ ನಿಂತಿದ್ದೆ. ಅಮ್ಮ ಅವತ್ತು ಊಟ ಮಾಡಿರಲಿಲ್ಲ. ಎದೆ ಉರಿ ಅಂದಳು. ಅಪ್ಪ ಆಫೀಸಿಗೆ ಹೋದ ಮೇಲೆ ಟವೆಲ್ ತೆಗೆದು, ಕಾಗದ ಸಿಕ್ಕಿಸಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಓದು ಅಂದಳು. ಕ್ಲಬ್ಬಿಗೆ ಜನ ಬರುವುದು ನಿಂತಿತು. ಕೆನಡಾದ ಆಟಗಾರರು ಒಬ್ಬೊಬ್ಬರೇ ಹಡಗು ಹತ್ತಿದರು. ಕಟ್ಟಡವನ್ನು ಕುರ್ಚಿ ಮೇಜು ಮಾರುವವರು ಕೊಂಡುಕೊಂಡರು. ಯಂತ್ರ ನಿಲ್ಲಿಸಿದರು. ನಾನು ಒಂದು ಕಣ್ಣು ಗಡಿಯಾರದ ಮೇಲಿಟ್ಟು ಒದರುತ್ತಿದ್ದೆ. ಐಸ್ ಕರಗಲು ಮೂರು ದಿನ ಹಿಡಿಯಿತು, ಸಾಹೇಬರ ಅಪ್ಪ ಮೂರೂ ದಿನ ಅಲ್ಲೇ ನಿಂತಿದ್ದರು, ಮುಂದಿನ ಚಳಿಗಾಲಕ್ಕೆ ಅವರು ಇರಲಿಲ್ಲ ಅಂತ ಎಂಟನೆಯ ಹಾಳೆಯ ಕೊನೆಗೆ ಇತ್ತು. ಅದರ ಹಿಂದೆ ಇನ್ನೂ ಒಂದು ಹಾಳೆ ನನ್ನ ಕೈಯಲ್ಲಿತ್ತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಮೇಲಿನಿಂದ ಬಲೂನು ಒಡೆದ ಸದ್ದು, ಹುಡುಗಿಯರ ಕಿರುಚಾಟ.

"ಮುಂದೆ ಓದು ಪುಟ್ಟಿ. ಇಲ್ಲಿ ಬೇಡ."

"ಅಷ್ಟೇ ಅಮ್ಮ. ಮುಗೀತು."

"ಹೀಗೇನಾ ಮುಗಿಯೋದು? ಒಂದು ಒಳ್ಳೇ ಮಾತೂ ಇಲ್ವಾ? ಸರಿಯಾಗಿ ನೋಡೇ."

"ಇಲ್ಲಮ್ಮ, ಇಷ್ಟೇ ಇರೋದು."

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ, ಸರಿ ಹೋಗು, ಅಂದಳು. ಒಂಬತ್ತನೆಯ ಹಾಳೆಯನ್ನು ನಾನು ಸ್ಕೂಲಿನ ಅಟ್ಲಾಸಿನೊಳಗೆ ತುರುಕಿ, ಬ್ಯಾಗಿಗೆ ಹಾಕಿ, ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ. ಬಂದು ಓದಿದರಾಯಿತು ಅಂತ. ಅಷ್ಟೇ ನನ್ನ ಲೆಕ್ಕ.

ಕೇಕು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಾಗ ಫ್ಲೋರಿ ಆಂಟಿಯ ಮನೆಯ ಫೋನು ರಿಂಗಾಯಿತು. ಆಂಟಿ ಕೇಕು ಕತ್ತರಿಸುವ ಚಾಕು ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಓಡಿದರು. ಅಂಕಲ್ ಕಾರು ತೆಗೆದರು, ಅಪ್ಪನ ಆಫೀಸಿಗೆ ಫೋನು ಹೋಯಿತು. ನಾನು ಬಾಲ್ಕನಿಯಿಂದ ನೋಡಿದ್ದು ಅಮ್ಮನ ನೆತ್ತಿಯನ್ನು ಮಾತ್ರ, ಆಂಟಿಯ ಹೆಗಲಿಗೆ ಒರಗಿದ್ದನ್ನು. ಅವಳು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅಪ್ಪ ಮೂರೂ ದಿನ ಅಲ್ಲೇ ಇದ್ದರು. ಗಂಡು ಮಗುವಂತೆ. ಹುಟ್ಟುವಾಗಲೇ ಜೀವವಿರಲಿಲ್ಲವಂತೆ. ಅವನನ್ನು ಎಲ್ಲಿ ಮಲಗಿಸಿ ಬಂದರು ಅಂತ ಅಪ್ಪ ಸಾಯುವವರೆಗೂ ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕೇಳಲು ನನಗೇನು ಮುಖವಿತ್ತು? ಸೋತ ಕಡೆ, ಸತ್ತ ಕಡೆ ಪುಸ್ತಕ ಮುಚ್ಚಿದವಳು ನಾನು. ಅದು ನಮ್ಮ ಮನೆಯಲ್ಲೇ ಉಳಿದುಕೊಂಡಿತು. ರೀನಾಳ ಮಂಚದ ಮೇಲೆ ಅವಳ ಪಕ್ಕ ಮಲಗಿ ನಾನು ಅದನ್ನೇ ಯೋಚಿಸುತ್ತಿದ್ದೆ, ಅವಳು ಉಡುಗೊರೆಗಳನ್ನು ಬಿಚ್ಚುತ್ತಿದ್ದಳು. ನನ್ನ ತಮ್ಮನನ್ನು ನಾನೇ ಕೊಂದೆ ಅನ್ನುವುದರಲ್ಲಿ ನನಗೆ ಒಂದು ಚೂರೂ ಅನುಮಾನವಿರಲಿಲ್ಲ.

ಮನೆಗೆ ಬಂದ ಅಮ್ಮ ತಿಂಗಳುಗಟ್ಟಲೆ ಟವೆಲ್ ಮುಟ್ಟಲಿಲ್ಲ. ಅಡಿಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ನನ್ನ ಜಡೆ ಹಾಕುತ್ತಿದ್ದಳು. ಮೇಜಿನ ಮೇಲೆ ಮೊದಲ ಸಲ ನಾವು ಊಟಕ್ಕೆ ಕೂತೆವು, ಟೈಪ್‌ರೈಟರನ್ನು ಅಪ್ಪ ಕಪಾಟಿನ ಮೇಲಿಟ್ಟಿದ್ದರು. ಮೂವರೂ ತಟ್ಟೆ ನೋಡಿಕೊಂಡು ತಿನ್ನುತ್ತಿದ್ದೆವು. ಹಾಳೆಯನ್ನು ತೆಗೆದು ಕೊಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಕೊಟ್ಟರೆ ಎಲ್ಲ ಗೊತ್ತಾಗುತ್ತದೆ. ಅಮ್ಮ ಇನ್ನು ನನ್ನ ಜಡೆ ಹಾಕುವುದಿಲ್ಲ. ಅಟ್ಲಾಸು ತೆರೆಯುವ ಧೈರ್ಯವೂ ಇಲ್ಲದೆ ಭೂಗೋಳದ ಟೀಚರ್ ಹತ್ತಿರ ಅಟ್ಲಾಸು ಕಳೆದುಹೋಗಿದೆ ಅಂತ ಸುಳ್ಳು ಹೇಳಿ, ಬೆಂಚಿನ ಮೇಲೆ ನಿಂತೆ.

ಡಾಸನ್ ಸಾಹೇಬರು ದೇಶ ಬಿಟ್ಟು ಹೋಗುವ ದಿನ ಹತ್ತಿರ ಬಂತು. ಹಾಗೇ ಕೊಟ್ಟುಬಿಡೋಣ, ಅವರು ಏನೂ ಅಂದುಕೊಳ್ಳುವುದಿಲ್ಲ, ಅಂದರು ಅಪ್ಪ. ಅಮ್ಮ ಕುರ್ಚಿ ಹಾಕಿಕೊಂಡು ತಾನೇ ಟೈಪ್‌ರೈಟರನ್ನು ಇಳಿಸಿದಳು. ಎಂಟನೆಯ ಹಾಳೆಯವರೆಗೆ ಟೈಪಾಗಿದ್ದ ಕಾಗದವನ್ನು ಮತ್ತೆ ಸಿಕ್ಕಿಸಿ, ಸಾಲು ಹೊಂದಿಸಿ, ಕಣ್ಣು ಮುಚ್ಚಿ, ಒಂದೇ ಒಂದು ಸಾಲು ಹೊಡೆದಳು. ನಾನು ಅವಳ ಹಿಂದೆ ನಿಂತು ಓದಿದೆ. ಈ ಚರಿತ್ರೆಯನ್ನು ಬರೆದವರಿಗೂ ಓದಿದವರಿಗೂ ಕೇಳಿದವರಿಗೂ ಒಳ್ಳೆಯದಾಗಲಿ, ಅವರ ಮನೆಯ ಮಕ್ಕಳು ಚೆನ್ನಾಗಿರಲಿ, ಅಂತ ಇಂಗ್ಲಿಷಿನಲ್ಲಿ ಇತ್ತು. ತಾತ ಭಾರತ ಮುಗಿಸುವಾಗ ಹೇಳುತ್ತಿದ್ದ ಮಾತು. ಐಸ್ ಹಾಕಿಯ ಪುಸ್ತಕಕ್ಕೆ ಯಾರಾದರೂ ಹಾಗೆ ಮಂಗಳ ಹಾಡುತ್ತಾರೆಯೇ? ನನಗೆ ನಗು ಬರಬೇಕಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಾಹೇಬರು ಬಂದು ನಿಂತೇ ಕೊನೆಯ ಪುಟ ಓದಿದರು. ಇನ್ನೊಂದು ಸಲ ಓದಿದರು. ಕವರಿನೊಳಗೆ ಕೈ ಹಾಕಿ ಹುಡುಕಿದರು, ತಮ್ಮ ಕೈಬರಹದ ಹಾಳೆಗಳನ್ನು ಎಣಿಸಿದರು. ನಾನು ಫ್ರಿಜ್ಜಿಗೆ ಒರಗಿ ನಿಂತಿದ್ದೆ. ಅವರು ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಖಾಲಿಯಾಗಿದ್ದ ಅವಳ ಹೊಟ್ಟೆಯಿಂದ ಬೇಗ ಕಣ್ಣು ತೆಗೆದರು. ಆಮೇಲೆ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು ಅಂದರು:

"ಸರಿಯಾಗಿದೆ, ಮಿಸೆಸ್ ರಾವ್. ಹೀಗೇ ಇರಲಿ."

ಎರಡು ವರ್ಷದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ನೀಲಿ ರಟ್ಟು. ಕೊನೆಯಲ್ಲಿ ಎಂಟನೆಯ ಹಾಳೆಯ ಮಾತು, ಅದರ ಕೆಳಗೆ ಅಮ್ಮನ ಸಾಲು, ನಡುವೆ ಏನೂ ಇಲ್ಲ. ತಮ್ಮ ಪುಸ್ತಕದ ಕೊನೆಯನ್ನು ಅವರು ನಮಗಾಗಿ ಬಿಟ್ಟುಕೊಟ್ಟಿದ್ದರು. ಹಾಳೆ ಮಾತ್ರ ನನ್ನ ಹತ್ತಿರವೇ ಉಳಿಯಿತು. ದೋಹಾ ಬಿಟ್ಟೆವು, ಮೈಸೂರಿಗೆ ಬಂದೆವು, ನಾನು ಓದಿದೆ, ಮದುವೆಯಾದೆ, ಒಂದು ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಯಾರ ಪುಸ್ತಕ ಕೈಗೆ ಬಂದರೂ ನಾನು ಮೊದಲು ಹಾಳೆ ಎಣಿಸುತ್ತೇನೆ. ಎಲ್ಲರೂ ನನ್ನನ್ನು ಗೇಲಿ ಮಾಡುತ್ತಾರೆ, ಮಾಡಲಿ.

ಅಮ್ಮನಿಗೆ ಈಗ ಕಣ್ಣು ಪೂರ್ತಿ ಮಂಜು. ನನ್ನ ಜೊತೆಗೇ ಇದ್ದಾಳೆ. ಮಧ್ಯಾಹ್ನ ನಾನು ಅವಳಿಗೆ ಪೇಪರು ಓದುತ್ತೇನೆ, ಅವಳು ಈಗಲೂ ಅಪಘಾತದ ಸುದ್ದಿಯ ಮೇಲೆ ನಿಲ್ಲಿಸಲು ಬಿಡುವುದಿಲ್ಲ. ಕಳೆದ ತಿಂಗಳು ಒಂದು ದಿನ ಹಾಗೇ ಓದುತ್ತಿದ್ದಾಗ, ಮುಂದೆ ಓದು ಪುಟ್ಟಿ, ಇಲ್ಲಿ ಬೇಡ, ಅಂದಳು. ಅದೇ ಮಾತು, ಅದೇ ದನಿ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಐವತ್ತಕ್ಕೆ ಹತ್ತಿರ ಬಂದ ಹೆಂಗಸು, ಮೂಗು ಸುರಿಸಿಕೊಂಡು, ನಾನೇ ಕೊಂದದ್ದು ಅಮ್ಮ, ಅಂತ ಹೇಳಿದೆ.

"ಗೊತ್ತು ಕಣೆ," ಅಂದಳು.

"ಏನು ಗೊತ್ತು?"

"ಹಾಳೆ. ಕವರಿನ ಮೇಲೆ ಒಂಬತ್ತು ಅಂತ ಬರೆದಿದ್ರು ಸಾಹೇಬ್ರು. ನೀನು ಎಂಟು ಓದ್ದೆ. ಟೈಪು ಮಾಡೋಳಿಗೆ ಅಷ್ಟೂ ಗೊತ್ತಾಗಲ್ವಾ? ಆಮೇಲೆ ನಿನ್ನ ಅಟ್ಲಾಸಲ್ಲಿ ನೋಡಿದೆ. ಅಲ್ಲೇ ಇಟ್ಟೆ. ನೀನೇ ತಂದು ಓದ್ತೀಯ ಅಂತ."

"ಮತ್ತೆ ಅವತ್ತು ಯಾಕೆ ಬಿಟ್ಟೆ? ಬೈದು ಓದಿಸಬಾರದಿತ್ತಾ?"

ಅಮ್ಮ ಹೇಳಿದಳು, ಮಗು ಅವತ್ತು ಬೆಳಗ್ಗೆಯಿಂದಲೇ ಅಲುಗಾಡಿರಲಿಲ್ಲ ಅಂತ. ನೀನು ಮಾಡಿದ್ದಲ್ಲ ಪುಟ್ಟಿ, ಅಷ್ಟೊತ್ತಿಗೇ ಆಗಿಹೋಗಿತ್ತು ಅಂತ. ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಾಗ ಹೇಳೋಣ ಅಂದುಕೊಂಡಳಂತೆ. ಹೇಳಿದರೆ ನಿಜವಾಗಿಬಿಡುತ್ತದೆ ಅಂತ ಬಾಯಿ ಬರಲಿಲ್ಲ. ಅಪ್ಪ ಮಲಗಿ ಎದ್ದು ಹೋದರು. ಕೈಕಾಲು ತಣ್ಣಗಾಗಿತ್ತು, ಆದರೂ ಟೈಪಿಗೆ ಕೂತಳು.

"ಒಂದು ಒಳ್ಳೇ ಮಾತು ಕೇಳ್ಕೊಂಡು ಆಮೇಲೆ ಫ್ಲೋರಿಗೆ ಫೋನ್ ಮಾಡೋಣ ಅಂತಿದ್ದೆ ಕಣೆ. ಅಷ್ಟೇ. ನೀನು ಪಾಪ ಫ್ರಾಕ್ ಹಾಕ್ಕೊಂಡು ನಿಂತಿದ್ದೆ. ನಿನ್ನ ಕಣ್ಣ ಮುಂದೆ ಬೇಡ ಅನ್ನಿಸ್ತು. ಹೋಗಲಿ, ಕೇಕಾದ್ರೂ ತಿನ್ನಲಿ ಅಂತ ಕಳಿಸ್ದೆ."

ನಾನು ಅವಳ ಮಂಚದ ಅಂಚಿನಲ್ಲಿ ಕೂತೇ ಇದ್ದೆ. ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದ ಪಾಪ ನನ್ನದಲ್ಲ. ನನ್ನದು ಬೇರೆ. ಅವಳು ಆ ದಿನ ಕೇಳಿದ್ದು ಒಂದೇ, ಅದನ್ನು ನಾನು ಕೊಡಲಿಲ್ಲ.

"ಹಾಳೆ ಇದೆಯಾ?" ಅಂದಳು.

"ಇದೆ. ನೀನು ಓದಿದೀಯಾ?"

"ಇಲ್ಲ. ನೀನು ಓದಬೇಕಿತ್ತಲ್ಲ. ಈಗ ಓದು."

ಅಟ್ಲಾಸು ತಂದೆ. ಹಾಳೆ ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ನಾನೂ ಅದನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಡಾಸನ್ ಸಾಹೇಬರ ಅಪ್ಪ ಹೋದ ಮೇಲೆ, ಕ್ಲಬ್ಬಿನಲ್ಲಿ ಅವರು ನೀರು ಬಿಡುತ್ತಿದ್ದ ಉದ್ದನೆಯ ಪೈಪು ಮನೆಯ ಹಿತ್ತಲಲ್ಲಿ ಬಿದ್ದಿತ್ತಂತೆ. ಚಳಿ ಜೋರಾದ ಒಂದು ಸಂಜೆ ಮಗ ಅದನ್ನು ಬಿಡಿಸಿ, ಅಪ್ಪ ಮಾಡುತ್ತಿದ್ದ ಹಾಗೆ ಹಿತ್ತಲ ನೆಲಕ್ಕೆ ತೆಳ್ಳಗೆ, ಮತ್ತೆ ತೆಳ್ಳಗೆ ನೀರು ಬಿಟ್ಟ. ಬೆಳಗ್ಗೆ ಎದ್ದು ನೋಡಿದರೆ ಬೇಲಿ ಹಾರಿಕೊಂಡು ಬಂದ ಬೀದಿಯ ಮಕ್ಕಳೆಲ್ಲ ಅದರ ಮೇಲೆ ಜಾರುತ್ತಿದ್ದವು. ಎಲ್ಲೂ ಬಿರುಕು ಬಿಟ್ಟಿರಲಿಲ್ಲ.

ನಾನು ನಿಧಾನವಾಗಿ, ಅಮ್ಮನಿಗೆ ಟೈಪು ಮಾಡಲು ಬೇಕಾಗುತ್ತಿದ್ದಷ್ಟೇ ನಿಧಾನವಾಗಿ ಓದಿದೆ. ಹೊದಿಕೆಯ ಮೇಲೆ ಅವಳ ಹತ್ತೂ ಬೆರಳು ಆಡುತ್ತಿದ್ದವು. ಕೊನೆಯ ಮಾತು ಮುಗಿದಾಗ ಬೆರಳು ನಿಂತವು.

"ಇಷ್ಟೇನಾ ಇದ್ದಿದ್ದು?" ಅಂದಳು. "ಎರಡು ನಿಮಿಷಾನೂ ಹಿಡೀಲಿಲ್ಲ."

"ಹೌದಮ್ಮ," ಅಂದೆ. "ಇಷ್ಟೇ ಇದ್ದಿದ್ದು."